ಕಲಾ ಶಿಕ್ಷಕರ ಪರೀಕ್ಷೆಗೆ ಗೈಡ್, ಕೋಚಿಂಗ್, ಪಠ್ಯಪುಸ್ತಕ: ಮೂರನ್ನೂ ಬಳಸಿ ನೋಡಿದ ಮೇಲೆ

ಕೇಂದ್ರೀಯ ವಿದ್ಯಾಲಯ, ನವೋದಯ ಶಾಲೆಗಳ ಕಲಾ ಶಿಕ್ಷಕರ ಹುದ್ದೆಗೆ ತಯಾರಿ ಮಾಡುವಾಗ ಮೂರು ದಾರಿಗಳನ್ನೂ ನೋಡಿದೆ. ಅಂಗಡಿಯಲ್ಲಿ ಸಿಗುವ ದಪ್ಪ ಗೈಡ್, ಹಿಂದಿಯಲ್ಲಿ ನಡೆಯುವ ಆನ್‌ಲೈನ್ ಕೋಚಿಂಗ್, ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಲಲಿತಕಲೆ ಪುಸ್ತಕಗಳು. ನನ್ನ ಓಟು ಪಠ್ಯಪುಸ್ತಕಕ್ಕೆ. ಆದರೆ ಅದೊಂದೇ ಸಾಲದು.

ನಾವೆಲ್ಲ ವರ್ಷಗಟ್ಟಲೆ ಸ್ಟಿಲ್ ಲೈಫ್, ಪೋರ್ಟ್ರೇಟ್ ಮಾಡಿ ಕೈ ಪಳಗಿಸಿಕೊಂಡವರು. ಲಿಖಿತ ಪರೀಕ್ಷೆಯಲ್ಲಿ ಆ ಕೈಗೆ ಬೆಲೆ ಇಲ್ಲ. ಅಲ್ಲಿ ಕೇಳುವುದು ಇತಿಹಾಸ, ಶೈಲಿ, ಮಾಧ್ಯಮ, ಬೋಧನಾ ವಿಧಾನ. ಹಾಗಾಗಿ ಯಾವುದನ್ನು ಓದುತ್ತೇವೆ ಎನ್ನುವುದೇ ಮುಖ್ಯ.

ಗೈಡ್ ಓದುವಾಗ ತುಂಬಾ ಓದಿದ ಹಾಗೆ ಅನಿಸುತ್ತದೆ. 'ಬಣಿ ಠಣಿ, ಕಿಶನ್‌ಗಢ, ನಿಹಾಲ್ ಚಂದ್' ಅಂತ ಚಿತ್ರ, ಶೈಲಿ, ಕಲಾವಿದನ ಹೆಸರಿನ ಒಂದು ಸಾಲು, ಬಾಯಿಪಾಠ ಮಾಡಿದರೆ ಮುಗಿಯಿತು. ಹಿಮಾಲಯದ ತಪ್ಪಲಿನ ಪಹಾಡಿ ಶೈಲಿಗಳಲ್ಲಿ ಬಸೋಹ್ಲಿ ಮೊದಲೋ ಕಾಂಗ್ರಾ ಮೊದಲೋ ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳಬೇಕು. ಬಸೋಹ್ಲಿಯ ಗಾಢ ಬಣ್ಣ ಗುಲೇರ್‌ನಲ್ಲಿ ಹೇಗೆ ಮೆದುವಾಯಿತು, ಅದು ಕಾಂಗ್ರಾಕ್ಕೆ ಹೇಗೆ ಹರಿಯಿತು ಎಂದು ಗೊತ್ತಿದ್ದರೆ ಉತ್ತರ ತಾನಾಗಿ ಬರುತ್ತದೆ. ನಾನು ಕೊಂಡ ಗೈಡ್ ಮೈಸೂರು ಶೈಲಿಯನ್ನೂ ತಂಜಾವೂರು ಶೈಲಿಯನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿತ್ತು. ಮೈಸೂರಿನದು ತೆಳುವಾದ ನಾಜೂಕು ಗೆಸ್ಸೋ ಕೆಲಸ, ಅಂದರೆ ಚಿನ್ನದ ಹಾಳೆಯ ಕೆಳಗೆ ಉಬ್ಬು ಬರಲು ಹಚ್ಚುವ ಲೇಪ. ತಂಜಾವೂರಿನದು ದಪ್ಪ ಉಬ್ಬು, ಮೇಲೆ ಗಾಜಿನ ಹರಳು. ಕನ್ನಡದವರಿಗೆ ಇದು ತಪ್ಪಬಾರದಲ್ವಾ?

ಪಠ್ಯಪುಸ್ತಕದ ಬಲ ಇರುವುದೇ ಒಂದು ಶೈಲಿಯಿಂದ ಇನ್ನೊಂದಕ್ಕೆ ಇರುವ ಇಂಥ ಕೊಂಡಿಗಳಲ್ಲಿ. ಮೊಘಲ್ ದೊರೆ ಹುಮಾಯೂನ್ ಜೊತೆ ಪರ್ಷಿಯಾದ ಚಿತ್ರಕಾರರಾದ ಮೀರ್ ಸಯ್ಯಿದ್ ಅಲಿ ಮತ್ತು ಅಬ್ದುಸ್ ಸಮದ್ ಬಂದರು. ಅಕ್ಬರನ ಕಾಲದಲ್ಲಿ ಬಟ್ಟೆಯ ಮೇಲೆ ಹಮ್ಜಾನಾಮಾ ಎಂಬ ಸಾಹಸಕತೆಯ ಚಿತ್ರಮಾಲೆ ಆಯಿತು. ಜಹಾಂಗೀರನ ಕಾಲಕ್ಕೆ ಉಸ್ತಾದ್ ಮನ್ಸೂರ್ ಹಕ್ಕಿ, ಪ್ರಾಣಿಗಳನ್ನು ಬರೆದ. ಹೀಗೆ ಕತೆಯಾಗಿ ಓದಿದರೆ ಕಾಲಕ್ರಮದ ಪ್ರಶ್ನೆಗೆ ಹೆದರಬೇಕಿಲ್ಲ. ಪಿಡಿಎಫ್ ಪುಕ್ಕಟೆ. ಇಂಗ್ಲಿಷಿನದನ್ನೇ ಓದಿ, ವಿಷಯದ ಪ್ರಶ್ನೆಗಳು ಬರುವುದು ಇಂಗ್ಲಿಷ್, ಹಿಂದಿಯಲ್ಲಿ. ಓದಿದ ಪ್ರತಿ ಚಿತ್ರವನ್ನೂ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಸ್ಕೆಚ್ ಮಾಡಿ ಪಕ್ಕದಲ್ಲಿ ಹೆಸರು, ಕಾಲ, ಮಾಧ್ಯಮ ಬರೆದುಕೊಂಡೆ. ನಮ್ಮಂಥವರಿಗೆ ಕಣ್ಣಿಗಿಂತ ಕೈಗೆ ನೆನಪು ಜಾಸ್ತಿ.

ಕೊರತೆ ಇರುವುದು ಕರ್ನಾಟಕದ ವಿಷಯದಲ್ಲಿ. ಬಾದಾಮಿಯ 3ನೇ ಗುಹೆ, ಅದನ್ನು ಮಾಡಿಸಿದ ಚಾಲುಕ್ಯರ ಮಂಗಳೇಶ, ಕ್ರಿ.ಶ. 578, ಇಷ್ಟು ಸಿಗುತ್ತದೆ. ಸುರಪುರ ಚಿತ್ರಕಲೆ, ಕಿನ್ನಾಳದ ಮರದ ಗೊಂಬೆ, ಮಲೆನಾಡಿನ ದೀವರ ಗೋಡೆ ಚಿತ್ರವಾದ ಹಸೆ ಚಿತ್ತಾರ, ಕಲಾವಿದರಾದ ಕೆ. ವೆಂಕಟಪ್ಪ, ಕೆ.ಕೆ. ಹೆಬ್ಬಾರ್, ಇವನ್ನೆಲ್ಲ ನಾವೇ ಸೇರಿಸಿಕೊಳ್ಳಬೇಕು. ರಾಜ್ಯದ ಪರೀಕ್ಷೆಯನ್ನೂ ಬರೆಯುವವರು ಇದಕ್ಕೆ ಬೇರೆಯೇ ನೋಟ್‌ಬುಕ್ ಇಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಮೈಸೂರು ಶೈಲಿಯ ಚಿತ್ರಗಳನ್ನು, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳನ್ನು ಹತ್ತಿರದಿಂದ ನೋಡಿ ಬನ್ನಿ. ಗೆಸ್ಸೋ ಎಷ್ಟು ಉಬ್ಬಿರುತ್ತದೆ ಎನ್ನುವುದು ಪಿಡಿಎಫ್‌ನಲ್ಲಿ ಗೊತ್ತಾಗುವುದಿಲ್ಲ.

ಕೋಚಿಂಗ್‌ನಲ್ಲಿ ದುಡ್ಡಿಗೆ ಬೆಲೆ ಸಿಕ್ಕಿದ್ದು ಬೋಧನಾ ವಿಧಾನದ ಪಾಠಗಳಲ್ಲಿ. ಕಲಾ ಶಿಕ್ಷಣ ತಜ್ಞ ಲೋವೆನ್‌ಫೆಲ್ಡ್ ಹೇಳುವ ಮಕ್ಕಳ ಚಿತ್ರದ ಹಂತಗಳನ್ನು ಅಲ್ಲಿ ನಿಜವಾದ ಮಕ್ಕಳ ಚಿತ್ರಗಳನ್ನೇ ಇಟ್ಟು ತೋರಿಸಿದರು. ಎರಡರಿಂದ ನಾಲ್ಕು ವರ್ಷಕ್ಕೆ ಗೀಚು. ಆಮೇಲೆ ದುಂಡು ತಲೆಗೆ ನೇರವಾಗಿ ಕಾಲು ಅಂಟಿಸಿದ ಮನುಷ್ಯ. ಏಳರ ಸುಮಾರಿಗೆ ಹಾಳೆಯ ಕೆಳಗೊಂದು ನೆಲದ ಗೆರೆ, ಎಲ್ಲರೂ ಅದರ ಮೇಲೆ ಸಾಲಾಗಿ ನಿಂತಿರುತ್ತಾರೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಕಲಾ ಇತಿಹಾಸದ ತರಗತಿಗಳು ಮಾತ್ರ ಸುಮ್ನೆ ಎಳೆದಾಟ. ಅರ್ಧ ಹೊತ್ತು ಹುರಿದುಂಬಿಸುವ ಭಾಷಣ, ಉಳಿದರ್ಧ ಗೈಡಿನದೇ ಸಾಲುಗಳು. ಹಿಂದಿಯ ವೇಗಕ್ಕೆ ಕಿವಿ ಹೊಂದಲು ನನಗೆ ಸಮಯವೂ ಹಿಡಿಯಿತು.

ಕೆಲವು ಕಡೆ ಅಣಕು ಪರೀಕ್ಷೆಗಳನ್ನಷ್ಟೇ ಬೇರೆಯಾಗಿ ಮಾರುತ್ತಾರೆ. ಪೂರ್ತಿ ಕೋರ್ಸಿಗೆ ದುಡ್ಡು ಸುರಿಯುವ ಬದಲು ಅದನ್ನು ತೆಗೆದುಕೊಳ್ಳಿ. ಗೈಡ್ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಡಿ. ವರ್ಣಚಕ್ರ, ಪೆನ್ಸಿಲ್‌ನ ಎಚ್ (ಗಟ್ಟಿ) ಮತ್ತು ಬಿ (ಮೆದು) ದರ್ಜೆಗಳು, ಷಡಂಗದ, ಅಂದರೆ ಭಾರತೀಯ ಚಿತ್ರಕಲೆಯ ಆರು ಅಂಗಗಳ ಹೆಸರುಗಳು, ಇಂಥವನ್ನು ಕೊನೆಯ ವಾರ ತಿರುವಿ ಹಾಕಲು ಅದು ಸಾಕು.