ಅಂಜಲ್ ತಲೆ: ಕಾವಲಿಯೋ, ಗಸಿಯೋ, ಕುಡಂಪುಳಿಯೋ?

ಕಾಸರಗೋಡಿನ ಕುಂಬಳೆಯಲ್ಲಿ ಆವತ್ತು ಅಂಜಲ್ ಮೀನಿನ ತುಂಡಿನ ಕ್ರಯ ಕೇಳಿ ಹಿಂದೆ ಸರಿದೆ. ಪಕ್ಕದಲ್ಲೇ ಇದ್ದ ತಲೆ 200 ರೂಪಾಯಿಗೆ ಸಿಕ್ಕಿತು. "ಎರಡು ಸೀಳು ಮಾಡಿ ಕೊಡಿ ಅಕ್ಕ" ಅಂದೆ. ಕಿವಿರು ತೆಗೆಯಿರಿ ಅನ್ನಲು ಮರೆತೆ. ಆಮೇಲೆ ಇನ್ನೆರಡು ಸಲ ತಂದು ಬೇರೆ ಬೇರೆ ರೀತಿ ಮಾಡಿ ನೋಡಿದ್ದೇನೆ. ಈಗ ನನಗೆ ಕುಡಂಪುಳಿಯೇ ಸೈ, ಅಂದರೆ ಕೇರಳದವರು ಮೀನಿಗೆ ಹಾಕುವ ಒಣಗಿಸಿದ ಹುಳಿ.

ಮೊದಲ ಸಲ ಬಂಗುಡೆ ಕಾಯಿಸಿದ ಧೈರ್ಯದಲ್ಲಿ ಕಾವಲಿಗೆ ಹಾಕಿದೆ. ತುಂಡಾದರೆ ಕಾವಲಿಯಲ್ಲಿ ಮಟ್ಟಸವಾಗಿ ಕೂರುತ್ತದೆ, ತಲೆ ಕೂರುವುದಿಲ್ಲ. ದವಡೆ ಒತ್ತಿದರೆ ಕೆನ್ನೆ ಏಳುತ್ತದೆ. ಮಸಾಲೆ ಕರಕಲಾದರೂ ಮೂಳೆಯ ಬುಡದಲ್ಲಿ ಹಸಿ ರಕ್ತ. ಮುಚ್ಚಿ ಬೇಯಿಸಿದೆ, ಆವಿಗೆ ಮಸಾಲೆ ನೆನೆದು ಕಾವಲಿಗೇ ಅಂಟಿತು. ಮುಚ್ಚಳ ತೆಗೆದದ್ದೇ ತಡ, ಮೀನಿನ ಕಣ್ಣು ಪಟ್ಟೆಂದು ಒಡೆದು ಎಣ್ಣೆ ಮಣಿಕಟ್ಟಿಗೆ ಹಾರಿತು.

ಇಷ್ಟೆಲ್ಲ ಆಗಿ ತಿನ್ನಲು ಕೂತರೆ ಕಹಿ! ಕಿವಿರಿನದೇ ಕೆಲಸ. ಈಗ ಅದರ ಎರಡೂ ತುದಿ ಕತ್ತರಿಯಿಂದ ಕಡಿದು ಎಳೆಯುತ್ತೇನೆ, ಕೆಂಪು ಬಾಚಣಿಗೆಯ ಹಾಗೆ ಇಡಿಯಾಗಿ ಬರುತ್ತದೆ. ಒಳಗೆ ಮೂಳೆಗೆ ಅಂಟಿದ ಕಪ್ಪು ರಕ್ತಕ್ಕೆ ಕಲ್ಲುಪ್ಪು, ಹಳೇ ಟೂತ್‌ಬ್ರಷ್.

ಎರಡನೇ ತಲೆ ಅಮ್ಮನ ಕ್ರಮದ ಗಸಿಗೆ (ಕಾಯಿ ಅರೆದು ಮಾಡುವ ದಪ್ಪ ಸಾರು) ಹೋಯಿತು: ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗಿನಕಾಯಿ, ಹುಣಸೆಹುಳಿ. ಬಿಸಿ ಕುಚ್ಚಲಕ್ಕಿ ಅನ್ನಕ್ಕೆ ಅದರಷ್ಟು ರುಚಿ ಬೇರೆ ಯಾವುದಕ್ಕೂ ಇಲ್ಲ, ಒಪ್ಪುತ್ತೇನೆ. ಆದರೆ ನಾನು ಬೆಳಗ್ಗೆ ಮಂಗಳೂರಿನ ರೈಲು ಹಿಡಿಯುವವಳು. ಭಾನುವಾರದ ಅಡುಗೆ ಸೋಮವಾರದ ಬುತ್ತಿಗೂ ಆಗಬೇಕು, ಬಾಡಿಗೆ ರೂಮಿನಲ್ಲಿ ಫ್ರಿಜ್ ಇಲ್ಲ. ಮರುದಿನ ಡಬ್ಬಿ ತೆರೆದರೆ ಗಸಿ ಹಳಸಿತ್ತು.

ಮೂರನೆಯದು ಕೆಳಗಿನ ಮನೆಯ ಚೇಚಿ (ಮಲಯಾಳದಲ್ಲಿ ಅಕ್ಕ) ಹೇಳಿಕೊಟ್ಟದ್ದು. ಅವರ ಮನೆಯವರು ಕೋಟ್ಟಯಂ ಕಡೆಯಿಂದ ಬಂದವರು. ಕುಡಂಪುಳಿ ಮೂರು ಎಸಳು ಬಿಸಿನೀರಲ್ಲಿ ನೆನೆಸಬೇಕು. ಮಣ್ಣಿನ ಚಟ್ಟಿಯಲ್ಲಿ ತೆಂಗಿನೆಣ್ಣೆ, ಮೆಂತೆ, ಶುಂಠಿ, ಬೆಳ್ಳುಳ್ಳಿ, ಕರಿಬೇವು, ಮೆಣಸಿನ ಪುಡಿ. ತೆಂಗಿನಕಾಯಿ ಬೇಡವೇ ಬೇಡ. ತಲೆ ಹಾಕಿದ ಮೇಲೆ ಸೌಟು ಮುಟ್ಟಿಸಬಾರದು, ಚಟ್ಟಿಯನ್ನೇ ಹಿಡಿದು ತಿರುಗಿಸಬೇಕು.

ರಾತ್ರಿ ತಿಂದರೆ ಹುಳಿ ಸ್ವಲ್ಪ ಜೋರು. ಬೆಳಗ್ಗೆ ನೋಡಿದರೆ ತಲೆಯ ಅಂಟೆಲ್ಲ ಸಾರಿಗೆ ಇಳಿದು ದಪ್ಪಗಾಗಿರುತ್ತದೆ, ಹುಳಿ ಕೆನ್ನೆಯ ಮಾಂಸದ ಒಳಗೆ ಹೋಗಿರುತ್ತದೆ. ಒಮ್ಮೆ ಕುದಿಸಿ ಬುತ್ತಿಗೆ ಹಾಕಿಕೊಂಡರೆ ಮಧ್ಯಾಹ್ನಕ್ಕೆ ಮೊದಲ ದಿನಕ್ಕಿಂತ ರುಚಿ.

ಜೂನ್ 9ರ ನಡುರಾತ್ರಿ ಕೇರಳದಲ್ಲಿ 52 ದಿನದ ಟ್ರಾಲಿಂಗ್ ನಿಷೇಧ (ದೊಡ್ಡ ಯಂತ್ರದೋಣಿಗಳು ಬಲೆ ಎಳೆದು ಮೀನು ಹಿಡಿಯಬಾರದೆಂಬ ನಿಯಮ) ಶುರುವಾದರೆ ಅಂಜಲ್ ತಲೆ ನನ್ನ ಬಜೆಟ್ಟಿಗೆ ಸಿಗುವುದಿಲ್ಲ. ಅಷ್ಟು ದಿನ ನಾಡದೋಣಿಯವರು ತಂದ ಬೂತಾಯಿ, ಅದೇ ಚಟ್ಟಿಯಲ್ಲಿ.