ಪ್ಯಾಕೆಟ್ ಸೀಲ್ ಮಾಡುವ ಹ್ಯಾಂಡ್ ಸೀಲರ್: ಯಾವುದು ಕೊಳ್ಳಬೇಕು, ಎಲ್ಲಿ ಕೈಕೊಡುತ್ತದೆ

ಮನೆಯಲ್ಲೇ ಚಟ್ನಿಪುಡಿ, ಸಾರಿನಪುಡಿ, ಹಪ್ಪಳ, ನಿಪ್ಪಟ್ಟು ಮಾಡಿ ಮಾರುವವರು ಮೊದಲು ಕೊಳ್ಳುವ ಯಂತ್ರಗಳಲ್ಲಿ ಇದೂ ಒಂದು. ಅಂಗಡಿಯಲ್ಲಿ ಹ್ಯಾಂಡ್ ಸೀಲರ್ ಎಂದು ಕೇಳಿದರೆ ಕೊಡುತ್ತಾರೆ. ಡಬ್ಬದ ಮೇಲೆ ಸಾಮಾನ್ಯವಾಗಿ ಪಿಎಫ್‌ಎಸ್-200 ಅಥವಾ ಪಿಎಫ್‌ಎಸ್-300 ಎಂದಿರುತ್ತದೆ. ಆ ಅಂಕಿ ಸೀಲಿನ ಉದ್ದ, ಮಿಲಿಮೀಟರ್ ಲೆಕ್ಕದಲ್ಲಿ. 200 ಅಂದರೆ ಎಂಟು ಇಂಚು, 300 ಅಂದರೆ ಹನ್ನೆರಡು ಇಂಚು. ಹತ್ತಾರು ಹೆಸರುಗಳಲ್ಲಿ ಮಾರಿದರೂ ಒಳಗಿನ ಕಟ್ಟು ಹೆಚ್ಚುಕಡಿಮೆ ಒಂದೇ. ಹಾಗಾಗಿ ಕೊಳ್ಳುವಾಗ ಹೆಸರಿಗಿಂತ ಉದ್ದ, ಮೈ, ಕಾದು ಸೀಲು ಹಾಕುವ ಪಟ್ಟಿಯ ಅಗಲ ಈ ಮೂರನ್ನು ನೋಡುವುದು ಒಳ್ಳೆಯದು.

ನಮ್ಮ ಆಯ್ಕೆ ಹನ್ನೆರಡು ಇಂಚಿನ, ಕಬ್ಬಿಣದ ಮೈಯ ಯಂತ್ರ. ಎಂಟು ಇಂಚಿನದು ಕಾಲು ಕೆಜಿ ಕವರಿಗೆ ಸಾಕು. ಅರ್ಧ ಕೆಜಿ, ಒಂದು ಕೆಜಿಯ ಅಗಲ ಪೌಚ್ ಬಂದರೆ ಬಾಯಿಯ ಎರಡೂ ತುದಿ ಪಟ್ಟಿಯ ಅಂಚಿಗೇ ಬಂದು ನಿಲ್ಲುತ್ತವೆ, ಸ್ವಲ್ಪ ಓರೆಯಾದರೂ ಒಂದು ಮೂಲೆ ತೆರೆದೇ ಉಳಿಯುತ್ತದೆ. ಪ್ಲಾಸ್ಟಿಕ್ ಮೈಯದು ಅಗ್ಗ, ಹಗುರ. ಆದರೆ ದಿನವೂ ದುಡಿಸಿದರೆ ಹಿಂದಿನ ಕೀಲು ಸಡಿಲಾಗುತ್ತದೆ, ಮೇಲಿನ ತೋಳು ಸಮನಾಗಿ ಕೂರುವುದಿಲ್ಲ. ಆಗ ಸೀಲಿನ ಒಂದು ತುದಿ ಗಟ್ಟಿ, ಇನ್ನೊಂದು ತುದಿ ಬೆರಳು ಹಾಕಿದರೆ ಬಿಚ್ಚುತ್ತದೆ. ಕಬ್ಬಿಣದ್ದು ತೂಕವಾಗಿ ಮೇಜಿನ ಮೇಲೆ ಜಾರದೆ ನಿಲ್ಲುತ್ತದೆ. ಆದರೆ ಅದಕ್ಕೆ ಅರ್ತಿಂಗ್ ಇರುವ ಮೂರು ಪಿನ್ನಿನ ವಯರು ಇರಲೇಬೇಕು. ಎರಡು ಪಿನ್ನಿನದನ್ನು ಕೊಟ್ಟರೆ ಕೊಳ್ಳಬೇಡಿ.

ಕೆಲಸ ಮಾಡುವ ಬಗೆ ತಿಳಿದರೆ ಅರ್ಧ ತೊಂದರೆ ತಪ್ಪುತ್ತದೆ. ಪ್ಲಗ್ ಹಾಕಿದ ಮಾತ್ರಕ್ಕೆ ಇದು ಕಾಯುವುದಿಲ್ಲ. ತೋಳು ಒತ್ತಿದಾಗ ಒಳಗಿನ ಮೈಕ್ರೋ ಸ್ವಿಚ್ ಬೀಳುತ್ತದೆ, ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ತೀರ ಕಡಿಮೆಗೆ ಇಳಿಸಿ ನೈಕ್ರೋಮ್ ಎಂಬ ಲೋಹದ ಪಟ್ಟಿಗೆ ಕೊಡುತ್ತದೆ, ಪಟ್ಟಿ ಕ್ಷಣದಲ್ಲಿ ಕಾಯುತ್ತದೆ. ನಾಬ್‌ನಲ್ಲಿರುವ 1ರಿಂದ 8 ಉಷ್ಣತೆಯ ಅಂಕಿಯಲ್ಲ, ಕರೆಂಟು ಎಷ್ಟು ಹೊತ್ತು ಹರಿಯಬೇಕು ಎಂಬುದರ ಅಂಕಿ. ಹೊತ್ತು ಮುಗಿದಾಗ ಕೆಂಪು ದೀಪ ಆರುತ್ತದೆ.

ಹೆಚ್ಚಿನವರು ತಪ್ಪುವುದು ಇಲ್ಲೇ. ದೀಪ ಆರಿದೊಡನೆ ತೋಳು ಎತ್ತಿಬಿಡುತ್ತಾರೆ. ಆ ಹೊತ್ತಿಗೆ ಪ್ಲಾಸ್ಟಿಕ್ ಇನ್ನೂ ಕರಗಿದ ಸ್ಥಿತಿಯಲ್ಲೇ ಇರುತ್ತದೆ. ಒಳಗಿನ ಪುಡಿಯ ಭಾರಕ್ಕೆ ಸೀಲು ಹಿಗ್ಗಿ ತೆಳ್ಳಗಾಗುತ್ತದೆ. ನೋಡಲು ಚೆನ್ನಾಗಿಯೇ ಕಾಣುತ್ತದೆ, ಪಾರ್ಸೆಲ್‌ನಲ್ಲಿ ಒಂದರ ಮೇಲೊಂದು ಬಿದ್ದಾಗ ಬಿರಿಯುತ್ತದೆ. ದೀಪ ಆರಿದ ಮೇಲೂ ಎರಡು ಸೆಕೆಂಡು ಒತ್ತಿಯೇ ಹಿಡಿಯಬೇಕು, ದಪ್ಪ ಪೌಚಿಗೆ ಮೂರು. ಎರಡು ಪದರ ಒಂದಾಗಿ ಗಟ್ಟಿಯಾಗುವುದು ಒತ್ತಡದಲ್ಲಿ ತಣ್ಣಗಾಗುವಾಗ.

ನಾಬ್ ಎಲ್ಲಿಡಬೇಕು ಎನ್ನುವುದು ಕವರಿನ ಮೇಲೆ ನಿಂತಿದೆ. 50 ಮೈಕ್ರಾನಿನ ಸಾದಾ ಪಾಲಿಥೀನ್ ಕವರಿಗೆ 2ರಿಂದ 3 ಸಾಕು. ಪಾಲಿಪ್ರೊಪಿಲೀನ್ ಹೆಚ್ಚು ಶಾಖದಲ್ಲಿ ಕರಗುವುದರಿಂದ ಅದಕ್ಕೆ 3ರಿಂದ 4. ನಿಲ್ಲುವ ಪೌಚ್‌ಗಳಿಗೆ 5ರಿಂದ 6. ಒಳಗೆ ಅಲ್ಯೂಮಿನಿಯಂ ಹಾಳೆಯಿದ್ದರೆ ಅದು ಶಾಖವನ್ನು ಎಳೆದುಕೊಳ್ಳುವುದರಿಂದ ಇನ್ನೂ ಸ್ವಲ್ಪ ಮೇಲೆ. ಇವು ಶುರುವಿಗೆ ಹಿಡಿಯುವ ಅಂಕಿಗಳು ಮಾತ್ರ. ಕಡಿಮೆಯಿಂದ ಆರಂಭಿಸಿ ಅರ್ಧರ್ಧ ಏರಿಸುತ್ತ, ಪ್ರತಿ ಸಲ ಖಾಲಿ ಕವರಿನ ಸೀಲನ್ನು ಎರಡೂ ಕೈಯಿಂದ ಎಳೆದು ನೋಡಿ. ಸೀಲು ಬಿಚ್ಚಿಕೊಂಡರೆ ಶಾಖ ಸಾಲದು. ಸೀಲಿನ ಪಕ್ಕದ ಕವರು ಹಿಗ್ಗಿ ಹರಿದು ಸೀಲು ಹಾಗೇ ಉಳಿದರೆ ಅದೇ ಸರಿಯಾದ ಜಾಗ. ಗೆರೆಯ ಉದ್ದಕ್ಕೂ ಗುಳ್ಳೆ, ಕಂದು ಬಣ್ಣ, ಸುಕ್ಕು ಕಂಡರೆ ಇಳಿಸಬೇಕು. ಸಂಜೆ ವೋಲ್ಟೇಜ್ ಇಳಿಯುವ ಊರುಗಳಲ್ಲಿ ಬೆಳಗಿನ ಅಂಕಿ ಸಂಜೆಗೆ ಸಾಲುವುದಿಲ್ಲ. ಹಾಗೆಯೇ ಬಿಡುವಿಲ್ಲದೆ ಮಾಡುತ್ತ ಹೋದಾಗ ಪಟ್ಟಿಯ ಕೆಳಭಾಗದಲ್ಲಿ ಬಿಸಿ ಉಳಿದುಕೊಳ್ಳುತ್ತದೆ. ಇಪ್ಪತ್ತು ಮೂವತ್ತು ಪ್ಯಾಕೆಟ್ ಆದ ಮೇಲೆ ಅರ್ಧ ಅಂಕಿ ಇಳಿಸಬೇಕಾಗುತ್ತದೆ.

ಕವರುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಹಪ್ಪಳಕ್ಕೆ ಬಳಸುವ, ಹಿಸುಕಿದರೆ ಚರಚರ ಸದ್ದು ಮಾಡುವ ಹೊಳಪಿನ ಬಿಒಪಿಪಿ ಕವರುಗಳಲ್ಲಿ ಎರಡು ಬಗೆ. ಸಾದಾ ಬಗೆಯದು ಶಾಖಕ್ಕೆ ಮುದುರಿಕೊಳ್ಳುತ್ತದೆ, ಅಂಟುವುದಿಲ್ಲ. ಹೀಟ್ ಸೀಲ್ ಆಗುವ ಬಗೆಯನ್ನೇ ಕೇಳಿ ತರಬೇಕು. ಕೆಜಿ ಲೆಕ್ಕದಲ್ಲಿ ಕೊಳ್ಳುವ ಮೊದಲು ಒಂದೆರಡು ಕವರು ತಂದು ನೋಡಿದರೆ ಹಣ ಉಳಿಯುತ್ತದೆ. ಕಂದು ಕಾಗದದ ಪೌಚ್ ಸೀಲ್ ಆಗುವುದು ಒಳಗಿನ ಪಾಲಿಥೀನ್ ಪದರದಿಂದ. ಆ ಪದರವಿಲ್ಲದ ಬರೀ ಕಾಗದದ ಚೀಲಕ್ಕೆ ಈ ಯಂತ್ರ ಉಪಯೋಗವಿಲ್ಲ. ಪಿವಿಸಿ ಹಾಳೆಯನ್ನು ಇದರಲ್ಲಿ ಇಡಲೇಬೇಡಿ, ಅತಿಯಾಗಿ ಕಾದರೆ ಅದರಿಂದ ಹೊರಡುವ ಹೊಗೆ ಉಸಿರಿಗೆ ಕೆಟ್ಟದ್ದು.

ಪುಡಿ ತುಂಬುವವರಿಗೆ ಯಂತ್ರಕ್ಕಿಂತ ದೊಡ್ಡ ಶತ್ರು ಕವರಿನ ಬಾಯಿಗೆ ಹತ್ತಿದ ಪುಡಿ. ಎರಡು ಪದರದ ನಡುವೆ ಪುಡಿ ಕೂತರೆ ಅಲ್ಲಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸೇರುವುದೇ ಇಲ್ಲ, ಎಷ್ಟು ಶಾಖ ಕೊಟ್ಟರೂ ಅಷ್ಟೇ. ತುಂಬುವ ಮೊದಲು ಬಾಯನ್ನು ಎರಡು ಇಂಚು ಹೊರಕ್ಕೆ ಮಡಚಿ, ಅಗಲ ಕೊಳವೆಯ ಲಾಳಿಕೆಯಿಂದ ಹಾಕಿ, ಆಮೇಲೆ ಮಡಿಕೆ ಬಿಡಿಸಿದರೆ ಸೀಲ್ ಆಗುವ ಜಾಗ ಶುದ್ಧವಾಗಿರುತ್ತದೆ. ಶೇಂಗಾ ಚಟ್ನಿಯಂಥ ಎಣ್ಣೆ ಬಿಡುವ ಪುಡಿಯಾದರೆ ಒಣ ಬಟ್ಟೆಯಿಂದ ಒಳಬದಿಯನ್ನು ಒಮ್ಮೆ ಒರೆಸಲೇಬೇಕು. ನಿಪ್ಪಟ್ಟು, ಕೋಡುಬಳೆ ಪೂರ್ತಿ ಆರಿದ ಮೇಲೆಯೇ ತುಂಬಿ. ಬೆಚ್ಚಗಿರುವಾಗ ಕಟ್ಟಿದರೆ ಹಬೆ ಒಳಗೇ ಉಳಿದು ಮೆತ್ತಗಾಗುತ್ತವೆ, ಆಗ ಸೀಲನ್ನು ದೂರುವುದು ತಪ್ಪು.

ಪಕ್ಕದಲ್ಲಿ ಮಡಿಕೆಯಿರುವ ಕವರುಗಳಲ್ಲಿ ಗಾಳಿ ಸೋರುವುದು ನಾಲ್ಕು ಪದರ ಮುಗಿದು ಎರಡು ಪದರ ಶುರುವಾಗುವ ಮೂಲೆಯಲ್ಲಿ. ಅಗ್ಗದ ಯಂತ್ರಗಳ 2 ಮಿಲಿಮೀಟರ್ ಪಟ್ಟಿಗೆ ಆ ಸಣ್ಣ ಸಂದು ಮುಚ್ಚುವುದು ಕಷ್ಟ. ಐದು ಮಿಲಿಮೀಟರ್ ಪಟ್ಟಿಯ ಯಂತ್ರ ಸಿಕ್ಕರೆ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ಇಲ್ಲವಾದರೆ ಬೆರಳಿನಿಂದ ಮಡಿಕೆ ಚಪ್ಪಟೆ ಮಾಡಿ, ಅರ್ಧ ಸೆಂಟಿಮೀಟರ್ ಅಂತರದಲ್ಲಿ ಎರಡು ಗೆರೆ ಹಾಕಿ. ಪರೀಕ್ಷೆಗೆ ಗಾಳಿ ತುಂಬಿದ ಒಂದು ಕವರನ್ನು ಸೀಲ್ ಮಾಡಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಒತ್ತಿ. ಗುಳ್ಳೆ ಏಳುವ ಜಾಗವೇ ಸೋರುವ ಜಾಗ.

ಸವೆಯುವ ಭಾಗಗಳು ಮೂರು: ನೈಕ್ರೋಮ್ ಪಟ್ಟಿ, ಅದರ ಮೇಲಿನ ಟೆಫ್ಲಾನ್ ಬಟ್ಟೆ, ತೋಳಿನ ಕೆಳಗಿನ ಸಿಲಿಕೋನ್ ರಬ್ಬರು. ಕವರು ಅಂಟಿಕೊಳ್ಳಲು ಶುರುವಾದರೆ ಟೆಫ್ಲಾನ್ ಸುಟ್ಟಿದೆ ಎಂದರ್ಥ. ಅದನ್ನು ಹಾಗೇ ಬಿಟ್ಟರೆ ಕರಗಿದ ಪ್ಲಾಸ್ಟಿಕ್ ಕೂತು ಪಟ್ಟಿಯೂ ಹಾಳಾಗುತ್ತದೆ. ದೀಪ ಹತ್ತಿ ಆರಿದರೂ ಶಾಖವಿಲ್ಲದಿದ್ದರೆ ಪಟ್ಟಿ ತುಂಡಾಗಿದೆ ಅಥವಾ ತುದಿಯ ಸ್ಕ್ರೂ ಸಡಿಲಾಗಿದೆ. ಬದಲಿಸುವುದು ಹತ್ತು ನಿಮಿಷದ ಕೆಲಸ. ಪ್ಲಗ್ ತೆಗೆಯಿರಿ, ಟೆಫ್ಲಾನ್ ಹಿಡಿದಿರುವ ತಗಡುಗಳನ್ನು ಬಿಚ್ಚಿ, ಎರಡು ತುದಿಯ ಸ್ಕ್ರೂ ಸಡಿಲಿಸಿ ಹಳೆಯದನ್ನು ತೆಗೆದು ಹೊಸದನ್ನು ಬಿಗಿಯಾಗಿ ಕೂರಿಸಿ. ತುದಿಯಲ್ಲಿ ಸ್ಪ್ರಿಂಗ್ ಇರುವುದು ಕಾದಾಗ ಉದ್ದವಾಗುವ ಪಟ್ಟಿಯನ್ನು ಎಳೆದು ಹಿಡಿಯಲು. ಅದನ್ನು ಬಿಟ್ಟು ಕೂರಿಸಿದರೆ ಪಟ್ಟಿ ಡೊಂಕಾಗಿ ಬೇಗ ತುಂಡಾಗುತ್ತದೆ. ಪಟ್ಟಿಯ ಕೆಳಗಿನ ಅಂಟು ಟೆಫ್ಲಾನ್ ಹರಿದಿದ್ದರೆ ಅದನ್ನೂ ಬದಲಿಸಿ, ಅದಿಲ್ಲದೆ ಪಟ್ಟಿ ಮೈಗೆ ತಾಗುತ್ತದೆ. ಸಾಮಾನ್ಯವಾಗಿ ಡಬ್ಬದಲ್ಲೇ ಒಂದು ಜೊತೆ ಬಿಡಿಭಾಗ ಬರುತ್ತದೆ. ಬೆಂಗಳೂರಿನವರು ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ವಿಚಾರಿಸಬಹುದು. ಹಳೆಯ ಪಟ್ಟಿಯನ್ನು ಜೊತೆಗೆ ಒಯ್ದು ಉದ್ದ, ಅಗಲ ಹೊಂದಿಸಿಕೊಳ್ಳಿ. ತೋಳು ಒತ್ತಿದಾಗ ಹತ್ತಿದ ದೀಪ ಆರದೇ ಉಳಿದರೆ ಮಾತ್ರ ಕೂಡಲೇ ಗೋಡೆಯ ಸ್ವಿಚ್ ಆರಿಸಿ. ಅದು ಟೈಮರ್ ಕೆಟ್ಟ ಲಕ್ಷಣ, ಮನೆಯಲ್ಲಿ ಬಿಚ್ಚುವ ಕೆಲಸವಲ್ಲ.

ದಿನಕ್ಕೆ ನೂರು ಇನ್ನೂರು ಪ್ಯಾಕೆಟ್‌ವರೆಗೆ, ನಡುನಡುವೆ ಬಿಡುವು ಕೊಟ್ಟು ಬಳಸಿದರೆ ಇದು ಕೊಟ್ಟ ಹಣಕ್ಕೆ ಮೋಸ ಮಾಡದ ಯಂತ್ರ. ಅದಕ್ಕಿಂತ ಹೆಚ್ಚಾದರೆ ಟ್ರಾನ್ಸ್‌ಫಾರ್ಮರ್ ಕಾದು ವಾರ್ನಿಷ್ ವಾಸನೆ ಬರುತ್ತದೆ. ಅಂಥವರು ಕವರು ತಾನೇ ಸಾಗಿ ಸೀಲ್ ಆಗುವ ಬ್ಯಾಂಡ್ ಸೀಲರ್ ನೋಡಬೇಕು. ಎಣ್ಣೆ ತೇಲುವ ಉಪ್ಪಿನಕಾಯಿಗೆ ಇದನ್ನು ನಂಬಬೇಡಿ, ಬಾಟಲಿಯೇ ಸರಿ.