ಬೆಂಗಳೂರು–ಲಂಡನ್: ನೇರ ವಿಮಾನವೋ, ದುಬೈ ದಾರಿಯೋ, ದೆಹಲಿ ದಾರಿಯೋ?

ಬೆಂಗಳೂರಿನಿಂದ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ಗ್ಲೋಬಿನ ಮೇಲೆ ದಾರ ಎಳೆದು ಅಳೆದರೆ ಸುಮಾರು 8,040 ಕಿ.ಮೀ. ದುಬೈಗೆ 2,695, ಅಲ್ಲಿಂದ ಲಂಡನ್‌ಗೆ 5,500. ಹೆಚ್ಚಾಗುವುದು ಬರೀ 150 ಕಿ.ಮೀ. ದೆಹಲಿ ಮೇಲೆ ಹೋದರೆ 400 ಕಿ.ಮೀ. ಸುತ್ತು. ಗಾಳಿಯಲ್ಲಿ ಇದು ಹೆಚ್ಚೆಂದರೆ ಅರ್ಧ ಗಂಟೆಯ ಮಾತು. ಹೊತ್ತು ಹೋಗುವುದು ನೆಲದ ಮೇಲೆ.

ನೇರ ವಿಮಾನ ಹೋಗುವಾಗ ಸುಮಾರು ಹತ್ತೂವರೆ ಗಂಟೆ ತೆಗೆದುಕೊಳ್ಳುತ್ತದೆ. ಬರುವಾಗ ಪಶ್ಚಿಮದಿಂದ ಬೀಸುವ ಜೆಟ್ ಗಾಳಿ ಹಿಂದಿನಿಂದ ತಳ್ಳುವುದರಿಂದ ಅರ್ಧದಿಂದ ಒಂದು ಗಂಟೆ ಉಳಿಯುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ಕಂಪನಿಗಳಿಗೆ ಮುಚ್ಚಿದ ಮೇಲೆ ಅವುಗಳ ದಾರಿ ಇನ್ನಷ್ಟು ಬಳಸಾಗಿದೆ. ಬ್ರಿಟಿಷ್ ಕಂಪನಿಗಳಿಗೆ ಆ ತಡೆ ಇಲ್ಲ. ಟಿಕೆಟ್‌ನಲ್ಲಿರುವ ಗಂಟೆಗಳನ್ನು ಹಾಗೇ ಕಳೆದು ಲೆಕ್ಕ ಹಾಕಬೇಡಿ. ಬೇಸಿಗೆಯಲ್ಲಿ ಬೆಳಿಗ್ಗೆ 7:30ಕ್ಕೆ ಹೊರಟು ಮಧ್ಯಾಹ್ನ 1:30ಕ್ಕೆ ಇಳಿದರೆ ಅದು ಆರು ಗಂಟೆಯಲ್ಲ, ಹತ್ತೂವರೆ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ.

ದುಬೈ ದಾರಿಯಲ್ಲಿ ನಾಲ್ಕು ಗಂಟೆ, ಮತ್ತೆ ಏಳೂವರೆ. ನಡುವಿನ ಕಾಯುವಿಕೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಒಂದೂವರೆ ಗಂಟೆಯ ಕನೆಕ್ಷನ್ ನೋಡಲು ಚೆಂದ, ಆದರೆ ಅಲ್ಲಿ ಮತ್ತೆ ಸೆಕ್ಯೂರಿಟಿ ಚೆಕ್ ಇದೆ, ಗೇಟು ಬೇರೆ ಕಾನ್‌ಕೋರ್ಸ್‌ನಲ್ಲಿದ್ದರೆ (ಗೇಟುಗಳಿರುವ ಬೇರೆ ಕಟ್ಟಡ) ಒಳಗಿನ ರೈಲು ಹಿಡಿಯಬೇಕು. ಮೊದಲ ವಿಮಾನ ನಲವತ್ತು ನಿಮಿಷ ತಡವಾದರೂ ಎರಡನೆಯದು ಕೈತಪ್ಪಬಹುದು. ಮೂರು ಗಂಟೆ ಇದ್ದರೆ ನಿರಾಳ. ಎಂಟು ಗಂಟೆಯಾದರೆ ಉಳಿಸಿದ ದುಡ್ಡಿಗೆ ಬೆಲೆಯಿಲ್ಲ.

ನಮ್ಮ ಮನೆಗಳ ಚೀಲಕ್ಕೆ ಸಂಬಂಧಿಸಿದ ಎಚ್ಚರಿಕೆ ಒಂದಿದೆ. ಗಸಗಸೆ ಯುಎಇಯಲ್ಲಿ ನಿಷಿದ್ಧ, ಬರೀ ವಿಮಾನ ಬದಲಿಸುವವರಿಗೂ ಕಾನೂನು ಅದೇ. ಪಾಯಸಕ್ಕೆಂದು ಕಟ್ಟಿದ ನೂರು ಗ್ರಾಂ ಪೊಟ್ಟಣ ಮಾತ್ರವಲ್ಲ, ಗಸಗಸೆ ಹುರಿದು ಸೇರಿಸಿದ ಮಸಾಲೆ ಪುಡಿಯನ್ನೂ ಮನೆಯಲ್ಲೇ ಬಿಡಿ. ಇದರಲ್ಲಿ ಜೈಲಿನವರೆಗೂ ಹೋಗಬಹುದು. ತುಪ್ಪದ ಡಬ್ಬವನ್ನಂತೂ ಯಾವ ದಾರಿಯಲ್ಲೂ ಒಯ್ಯಬೇಡಿ. ಭಾರತದಿಂದ ಬರುವ ಹಾಲಿನ ಪದಾರ್ಥಗಳನ್ನು ಬ್ರಿಟನ್ ಒಳಗೆ ಬಿಡುವುದಿಲ್ಲ.

ದೆಹಲಿ ದಾರಿ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮಾತ್ರ ಯೋಚಿಸಿ. ಆಗ ಬೆಂಗಳೂರಿನಲ್ಲೇ ಲಗೇಜಿಗೆ ಲಂಡನ್ ಟ್ಯಾಗ್ ಬೀಳುತ್ತದೆ. ಚೆಕ್‌-ಇನ್‌ನಲ್ಲಿ ಆ ಟ್ಯಾಗ್ ಮೇಲೆ LHR (ಹೀಥ್ರೂವಿನ ಕೋಡ್) ಇದೆಯೇ ಅಂತ ಕೇಳಿ ಖಚಿತಮಾಡಿಕೊಳ್ಳಿ. ಇಮಿಗ್ರೇಷನ್ ಸಾಮಾನ್ಯವಾಗಿ ದೆಹಲಿಯಲ್ಲಿ. ಎರಡು ಬೇರೆ ಟಿಕೆಟ್ ಕೊಂಡವರು ಅಲ್ಲಿ ಲಗೇಜು ಬಿಡಿಸಿಕೊಂಡು ಮತ್ತೆ ಚೆಕ್‌-ಇನ್ ಮಾಡಬೇಕು, ಮೊದಲನೆಯದು ತಡವಾದರೆ ಎರಡನೆಯ ಟಿಕೆಟಿನ ಹಣ ಮುಳುಗಿದಂತೆಯೇ. ಡಿಸೆಂಬರ್–ಜನವರಿಯ ಮಂಜಿನಲ್ಲಿ ಈ ದಾರಿಯೇ ಬೇಡ.

ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಹೊರಟಿದ್ದರೆ ನಮ್ಮ ಆಯ್ಕೆ ನೇರ ವಿಮಾನ, ಹದಿನೈದು ಸಾವಿರ ಹೆಚ್ಚಾದರೂ ಸರಿ. ವೀಲ್‌ಚೇರ್ ಬೇಕೆಂದು 48 ಗಂಟೆ ಮೊದಲೇ ಹೇಳಿಡಿ. ಹತ್ತು ಗಂಟೆ ಒಂದೇ ಕಡೆ ಕೂತರೆ ಕಾಲು ಊದುವವರಿಗೆ ಮಾತ್ರ ದುಬೈ ಒಳ್ಳೆಯದು: ನಡುವೆ ಎರಡು ಗಂಟೆ ಓಡಾಡಬಹುದು.